ಪಂಪ್ ಹಾಕಿದ ಕೂಡಲೇ ಲೈಟ್ ಮಂಕಾಗುವುದಕ್ಕೆ

ಬ್ಯಾಟರಿ 12.6 ವೋಲ್ಟ್ ತೋರಿಸಿಯೂ ನೀರಿನ ಪಂಪ್ ಹಾಕಿದ ಕೂಡಲೇ ಕ್ಯಾರವಾನ್ ಲೈಟ್ ಮಂಕಾಗುತ್ತದೆ ಅಂದರೆ ಬಹುಶಃ ಅರ್ಥಿಂಗ್ ತೊಂದರೆ, ಅಂದರೆ ಬ್ಯಾಟರಿಯ ನೆಗೆಟಿವ್ ಚಾಸಿಗೆ (ಗಾಡಿಯ ಕಬ್ಬಿಣದ ಚೌಕಟ್ಟಿಗೆ) ಸೇರುವ ಜಾಗದ್ದು. ಮಳೆಗಾಲವಿಡೀ ಮಲ್ಪೆ ಬೀಚ್ ಹತ್ತಿರ ನಿಲ್ಲಿಸಿದ್ದೆ ಅಂತ ಬರೆದಿದ್ದೀರಿ, ಅಲ್ಲಿ ತುಕ್ಕು ಹಿಡಿಯಲು ಆ ಉಪ್ಪುಗಾಳಿಯೇ ಸಾಕು. ಹೊಸ ಬ್ಯಾಟರಿಗೆ ಸುಮ್ನೆ ದುಡ್ಡು ಹಾಕಬೇಡಿ.

ಪಂಪ್ ಓಡುತ್ತಿರುವಾಗಲೇ ಮಲ್ಟಿಮೀಟರಿನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್ ಟರ್ಮಿನಲ್‌ಗೆ (ಕ್ಲಾಂಪಿಗಲ್ಲ, ಒಳಗಿನ ಸೀಸಕ್ಕೇ), ಇನ್ನೊಂದನ್ನು ಚಾಸಿಯಲ್ಲಿ ಪೇಂಟ್ ಇಲ್ಲದ ಕಬ್ಬಿಣಕ್ಕೆ ಹಿಡಿಯಿರಿ. 0.2 ವೋಲ್ಟಿಗಿಂತ ಜಾಸ್ತಿ ಬಂದರೆ ಕಳ್ಳ ಸಿಕ್ಕಿದ ಹಾಗೆ. ಚಾರ್ಜರ್, ಸೋಲಾರ್ ಎಲ್ಲಾ ಆಫ್ ಮಾಡಿ, ನೆಗೆಟಿವ್ ಮೊದಲು ಬಿಚ್ಚಿ, ಆಮೇಲೆ ಚಾಸಿಯ ಅರ್ಥ್ ಬೋಲ್ಟ್. ನನ್ನದರಲ್ಲಿ ಬೋಲ್ಟ್ ಹೊರಗಿಂದ ಚೆನ್ನಾಗಿಯೇ ಇತ್ತು, ಬಿಚ್ಚಿದರೆ ವಾಷರ್ ಅಡಿಯಿಂದ ತುಕ್ಕು ಬೆಲ್ಲದ ಪುಡಿ ಹಾಗೆ ಉದುರಿತು! ಸ್ಯಾಂಡ್‌ಪೇಪರಿನಲ್ಲಿ ಹೊಳೆಯುವಷ್ಟು ಉಜ್ಜಿ, ಬಿಗಿ ಮಾಡಿ, ಮೇಲೆ ವ್ಯಾಸಲಿನ್ ಸವರಿ. ನೆಗೆಟಿವ್ ಹಾಕುವುದು ಕೊನೆಗೆ.

ಅಲ್ಲಿ ಏನೂ ಇಲ್ಲದಿದ್ದರೆ ಪಾಸಿಟಿವ್ ಕಡೆಯ ಫ್ಯೂಸ್ ಹೋಲ್ಡರ್ ಬಿಸಿಯಾಗುತ್ತಾ ನೋಡಿ. ಪಂಪ್ ಓಡುವಾಗ ಬ್ಯಾಟರಿ ಟರ್ಮಿನಲ್‌ಗಳಲ್ಲೇ ವೋಲ್ಟೇಜ್ 12ಕ್ಕಿಂತ ಕೆಳಗೆ ಜಾರಿದರೆ ಮಾತ್ರ ಬ್ಯಾಟರಿ ಮೇಲೆ ಅನುಮಾನ, ಅಂಗಡಿಯಲ್ಲಿ ಲೋಡ್ ಟೆಸ್ಟ್ (ಜಾಸ್ತಿ ಕರೆಂಟ್ ಎಳೆದು ಬ್ಯಾಟರಿ ತಡೆಯುತ್ತಾ ನೋಡುವುದು) ಮಾಡಿಸಿ. ನಿಮ್ಮದು ಲೆಡ್ ಆಸಿಡ್ ಅಂದುಕೊಂಡು ಇಷ್ಟು ಬರೆದೆ. ಲಿಥಿಯಂ (LiFePO4) ಆದರೆ 12.6 ಅಂದರೇ ಚಾರ್ಜ್ ತುಂಬಾ ಕಡಿಮೆ ಅಂತ, ಮೊದಲು ಫುಲ್ ಚಾರ್ಜ್ ಮಾಡಿ ನೋಡಿ.