ಓದುಗರ ಪ್ರಶ್ನೆ, ನಮ್ಮ ಉತ್ತರ: ಕಡಿಮೆ ಖರ್ಚಿನಲ್ಲಿ ಕಡಲಂಚಿನ ದಾರಿ

ಪ್ರಶ್ನೆ: ನಾವು ನಾಲ್ವರು ಗೆಳೆಯರು. ಜನವಸತಿ ಕಡಿಮೆಯಿರುವ ಕಡಲಂಚಿನ ಉದ್ದಕ್ಕೂ ಒಂದು ಹಳೆಯ ಕಾರಿನಲ್ಲಿ ಎಂಟು ದಿನ ಸುತ್ತಬೇಕೆಂದಿದ್ದೇವೆ. ಒಟ್ಟು ದಾರಿ 700 ಕಿ.ಮೀ. ಇರುವುದರಿಂದ ದಿನಕ್ಕೆ ಸುಮಾರು 90 ಕಿ.ಮೀ.ಯಂತೆ ಹಂಚಿಕೊಂಡಿದ್ದೇವೆ. ಅಲ್ಲಲ್ಲಿ ಕಾರು ನಿಲ್ಲಿಸಿ, ಬೆನ್ನಿಗೆ ಚೀಲ ಹಾಕಿಕೊಂಡು ದಂಡೆಯಗುಂಟ ನಡೆಯುವುದು, ರಾತ್ರಿ ಟೆಂಟಿನಲ್ಲಿ ಮಲಗುವುದು ನಮ್ಮ ಆಸೆ. ಕೈಯಲ್ಲಿರುವ ಹಣ ಕಡಿಮೆ. ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಬಾರದು?

ಉತ್ತರ: ಹಣದ ಮಾತಿಗೆ ಮೊದಲು ಆ 90 ಕಿ.ಮೀ. ಎಂಬ ಅಂಕಿಯನ್ನು ಹೊಡೆದುಹಾಕಿ. ನೀವು ಎಷ್ಟು ದೂರ ಹೋಗುತ್ತೀರಿ ಎಂಬುದನ್ನು ಕಾರು ತೀರ್ಮಾನಿಸಬಹುದು. ದಂಡೆಯ ಮೇಲೆ ಯಾವಾಗ ನಡೆಯುತ್ತೀರಿ, ಎಲ್ಲಿ ಮಲಗುತ್ತೀರಿ ಎಂಬುದನ್ನು ತೀರ್ಮಾನಿಸುವುದು ಉಬ್ಬರ ಇಳಿತಗಳು. ಹೆಚ್ಚಿನ ಕರಾವಳಿಗಳಲ್ಲಿ ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷಗಳ ಅಂತರವಿರುವುದರಿಂದ, ದಿನದಿಂದ ದಿನಕ್ಕೆ ಆ ವೇಳೆ ಹೆಚ್ಚುಕಡಿಮೆ 50 ನಿಮಿಷ ಮುಂದೆ ಸರಿಯುತ್ತದೆ. ಮೊದಲ ದಿನ ಬೆಳಿಗ್ಗೆ 9 ಗಂಟೆಗೆ ನೀರು ಪೂರ್ತಿ ಇಳಿದಿದ್ದರೆ, ಎಂಟನೆಯ ದಿನ ಅದೇ ಹೊತ್ತಿಗೆ ನೀವು ಹೊರಟಾಗ ಉಬ್ಬರ ತುಂಬಿ ನಿಂತಿರುತ್ತದೆ. ಆದ್ದರಿಂದ ಹೋಗುವ ಜಾಗದ ಉಬ್ಬರ ಇಳಿತದ ಪಟ್ಟಿಯನ್ನು ಎಂಟೂ ದಿನಗಳಿಗೆ ಕಾಗದದ ಮೇಲೆ ಬರೆದಿಟ್ಟುಕೊಂಡು, ಇಳಿತದ ಹೊತ್ತನ್ನು ನಡಿಗೆಗೂ ಉಬ್ಬರದ ಹೊತ್ತನ್ನು ಕಾರಿನ ಪ್ರಯಾಣಕ್ಕೂ ಅಡುಗೆಗೂ ಮೀಸಲಿಡಿ. ಪಟ್ಟಿ ಅದೇ ಕರಾವಳಿಯದ್ದಾಗಿರಲಿ, ಏಕೆಂದರೆ ಕೆನಡಾದ ಫಂಡಿ ಕೊಲ್ಲಿಯಲ್ಲಿ ನೀರು 16 ಮೀಟರಿನಷ್ಟು ಏರಿಳಿದರೆ, ಮೆಡಿಟರೇನಿಯನ್ ಸಮುದ್ರದ ಬಹುಭಾಗದಲ್ಲಿ ಆ ವ್ಯತ್ಯಾಸ ಅರ್ಧ ಮೀಟರನ್ನೂ ಮುಟ್ಟುವುದಿಲ್ಲ.

ನೀರು ಏರುವ ಬಗೆಯನ್ನೂ ತಿಳಿದಿರಬೇಕು. ಅದು ಆರು ಗಂಟೆಗಳ ಕಾಲ ಒಂದೇ ಸಮನೆ ಏರುವುದಿಲ್ಲ. ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆಯಲ್ಲಿ ಒಂದು, ಎರಡನೆಯದರಲ್ಲಿ ಎರಡು, ಮೂರನೆಯ ಮತ್ತು ನಾಲ್ಕನೆಯದರಲ್ಲಿ ಮೂರು ಮೂರು, ಆಮೇಲೆ ಎರಡು, ಕೊನೆಗೆ ಒಂದು ಎಂಬುದು ನಾವಿಕರ ಸ್ಥೂಲ ಲೆಕ್ಕ. ಅಂದರೆ ನಡುವಿನ ಎರಡೇ ಗಂಟೆಗಳಲ್ಲಿ ಅರ್ಧದಷ್ಟು ನೀರು ಏರಿಬಿಡುತ್ತದೆ. ಕಡಿದಾದ ಬಂಡೆಗೋಡೆಯ ಬುಡವನ್ನು ಬಳಸಿಕೊಂಡು ಪಕ್ಕದ ದಂಡೆಗೆ ಹೋದವರು, ‘ಒಂದು ಗಂಟೆಯಾಯಿತು, ನೀರು ಹೆಚ್ಚೇನೂ ಬಂದಿಲ್ಲ’ ಎಂದುಕೊಂಡು ಕುಳಿತು, ಹಿಂದಿರುಗುವ ಹೊತ್ತಿಗೆ ದಾರಿಯೇ ಇಲ್ಲದಂತಾಗುವುದು ಇದರಿಂದಲೇ. ಅಂಥ ತಿರುವುಗಳನ್ನು ನೀರು ಇನ್ನೂ ಇಳಿಯುತ್ತಿರುವಾಗ ದಾಟಿ, ಏರತೊಡಗುವ ಮುನ್ನ ಮರಳಿಬಿಡಿ. ಸಡಿಲ ಮರಳಿನಲ್ಲಿ ನಡೆಯಲು ಗಟ್ಟಿ ನೆಲಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಶಕ್ತಿ ಬೇಕಾಗುವುದರಿಂದ, ಊರಿನ ರಸ್ತೆಯಲ್ಲಿ ನಡೆದ ವೇಗದ ಲೆಕ್ಕವನ್ನು ಅಲ್ಲಿಗೆ ಒಯ್ಯಬೇಡಿ. ಇಳಿತದಲ್ಲಿ ನೀರಂಚಿನ ಒದ್ದೆ ಮರಳು ಗಟ್ಟಿಯಾಗಿರುತ್ತದೆ. ಅದರ ಮೇಲೆಯೇ ನಡೆಯಿರಿ.

ಟೆಂಟಿನ ಜಾಗವನ್ನು ಬೆಳಕಿರುವಾಗಲೇ ಹುಡುಕಿ. ಒಣಗಿದ ಪಾಚಿ, ಕಡ್ಡಿ, ಚಿಪ್ಪುಗಳು ದಂಡೆಯುದ್ದಕ್ಕೂ ಗೆರೆಯಂತೆ ಬಿದ್ದಿರುವುದು ಹಿಂದಿನ ಉಬ್ಬರ ಮುಟ್ಟಿದ ಮಟ್ಟವನ್ನು ಹೇಳುತ್ತದೆಯೇ ಹೊರತು ಇಂದಿನ ರಾತ್ರಿಯ ಉಬ್ಬರದ ಮಟ್ಟವನ್ನಲ್ಲ. ಅಷ್ಟಮಿಯ ಆಸುಪಾಸಿನಲ್ಲಿ ಏರಿಳಿತ ಸಣ್ಣದು, ಹುಣ್ಣಿಮೆ ಅಮಾವಾಸ್ಯೆಗಳ ಬಳಿಕದ ಒಂದೆರಡು ದಿನ ದೊಡ್ಡದು. ಹುಣ್ಣಿಮೆಗೆ ಎರಡು ದಿನವಿರುವಾಗ ನಾನೂ ಗೆಳೆಯರೂ ಅಂಥದೊಂದು ಗೆರೆಯಿಂದ ನಾಲ್ಕು ಹೆಜ್ಜೆ ಮೇಲೆ ಮಲಗಿ, ನಡುರಾತ್ರಿ ತೇಲುತ್ತಿದ್ದ ಚಪ್ಪಲಿಗಳನ್ನು ಟಾರ್ಚ್ ಬೆಳಕಿನಲ್ಲಿ ಹುಡುಕಿದವರು. ಹಸಿರು ಹುಲ್ಲೋ ಬಳ್ಳಿಯೋ ಬೇರೂರಿರುವ ಎತ್ತರಕ್ಕೆ ಹೋದರೆ ಆ ಪೇಚಾಟವಿಲ್ಲ. ಆದರೆ ಬಳ್ಳಿಯ ಮೇಲೆಯೇ ಟೆಂಟ್ ಹಾಕಬೇಡಿ, ಮರಳದಿಬ್ಬವನ್ನು ಹಿಡಿದಿಟ್ಟಿರುವುದು ಅದೇ. ಬಂಡೆಗೋಡೆಯ ಬುಡವೂ ಬೇಡ, ಮೇಲಿನಿಂದ ಕಲ್ಲು ಉರುಳೀತು. ಮರಳಿನಲ್ಲಿ ಟೆಂಟಿನ ಗೂಟ ನಿಲ್ಲುವುದಿಲ್ಲವಾದ್ದರಿಂದ, ನಾಲ್ಕು ಬಟ್ಟೆಚೀಲಗಳಿಗೆ ಮರಳು ತುಂಬಿ, ಹಗ್ಗ ಕಟ್ಟಿ, ಮೊಣಕೈಯಾಳದಲ್ಲಿ ಹೂಳಿದರೆ ಕಾಸು ಖರ್ಚಿಲ್ಲದೆ ಒಳ್ಳೆಯ ಗೂಟಗಳಾಗುತ್ತವೆ. ಎಷ್ಟೇ ಗಾಳಿಯಿದ್ದರೂ ಟೆಂಟಿನೊಳಗೆ ಒಲೆ ಹಚ್ಚಬಾರದು. ಒಲೆಯಿಂದ ಹೊರಡುವ ಇಂಗಾಲದ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಇನ್ನು ಉಳಿತಾಯ. ನಾಲ್ವರಿದ್ದಾಗ ಮಲಗುವ ಖರ್ಚು ಟೆಂಟಿನಿಂದ ಹೇಗೂ ತಗ್ಗುತ್ತದೆ. ಉಳಿಯುವ ದೊಡ್ಡ ಬಾಬತ್ತು ಇಂಧನ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುವುದರಿಂದ, ಚೀಲಗಳನ್ನು ಕಾರಿನ ತಲೆಯ ಮೇಲೆ ಹೇರದೆ ಒಳಗಿಟ್ಟು ನಿಧಾನವಾಗಿ ಓಡಿಸಿದರೆ ಸಾಕಷ್ಟು ಉಳಿಯುತ್ತದೆ. ಟೆಂಟ್, ಒಲೆ, ಮಲಗುವ ಚೀಲಗಳನ್ನು ಎರವಲು ತನ್ನಿ. ಉಳಿಸಬಾರದ್ದು ಮೂರರಲ್ಲಿ: ಹೊರಡುವ ಮುನ್ನ ಬ್ರೇಕು, ಟಯರು, ಸ್ಟೆಪ್ನಿಗಳ ತಪಾಸಣೆಯಲ್ಲಿ, ಕುಡಿಯುವ ನೀರಿನಲ್ಲಿ, ಮತ್ತು ಟ್ಯಾಂಕು ಅರ್ಧವಾದಾಗಲೇ ಇಂಧನ ತುಂಬಿಸುವುದರಲ್ಲಿ. ನೀರನ್ನು ಕುಡಿಯಲೆಂದೇ ತಲೆಗೆ ದಿನಕ್ಕೆ 3 ಲೀಟರಿನಂತೆ ಹಿಡಿಯಿರಿ, ಬಿಸಿಲಿದ್ದರೆ ಇನ್ನೂ ಹೆಚ್ಚು. ಹೊಳೆ ಕಡಲು ಸೇರುವ ಅಳಿವೆಯ ನೀರನ್ನು ನಂಬಬೇಡಿ. ಉಬ್ಬರದೊಂದಿಗೆ ಅದರೊಳಗೆ ಉಪ್ಪು ನುಗ್ಗುತ್ತದೆ, ಕುದಿಸಿದರೆ ಉಪ್ಪು ಹೋಗುವುದಿಲ್ಲ. ಹಾಗೆಯೇ ಸಾಧಾರಣ ಕಾರನ್ನು ಮರಳಿಗೆ ಇಳಿಸಬೇಡಿ. ಚಕ್ರ ಹೂತ ಕಾರನ್ನು ಎಳೆಸಲು ತೆರುವ ಹಣದಲ್ಲಿ ನಿಮ್ಮ ಪ್ರವಾಸ ಇನ್ನೂ ಕೆಲವು ದಿನ ನಡೆದೀತು, ಅದೂ ಉಬ್ಬರಕ್ಕೆ ಮೊದಲು ಎಳೆಯುವವರು ಸಿಕ್ಕಿದರೆ.

ಪ್ರಶ್ನೆ: ಕಳೆದ ಬಾರಿ ಗೆಳೆಯರೊಂದಿಗೆ ಇಂಥದೇ ಪ್ರವಾಸ ಹೋದಾಗ ಮೂರನೆಯ ದಿನವೇ ಹಣದ ವಿಷಯದಲ್ಲಿ ಮನಸ್ತಾಪವಾಯಿತು. ಕಾರು ನನ್ನದು. ಒಬ್ಬ ಕಡಿಮೆ ತಿನ್ನುವವನು, ಇನ್ನೊಬ್ಬ ಅರ್ಧದಲ್ಲೇ ಹಿಂದಿರುಗಿದ. ಲೆಕ್ಕ ಹೇಗಿಡಬೇಕು?

ಉತ್ತರ: ಹೊರಡುವ ದಿನವೇ ಎಲ್ಲರೂ ಸಮನಾಗಿ ಹಾಕಿದ ಹಣ ಒಂದೇ ಡಬ್ಬಿಯಲ್ಲಿರಲಿ. ಇಂಧನ, ಸುಂಕ, ಅಡುಗೆ ಸಾಮಾನು, ನೀರು ಅದರಿಂದ. ಮಿಕ್ಕದ್ದು ಅವರವರ ಕಿಸೆಯಿಂದ. ಯಾರು ಎಷ್ಟು ತುತ್ತು ತಿಂದರೆಂದು ಎಣಿಸಹೊರಟರೆ ಅದು ಗೆಳೆತನವೂ ಅಲ್ಲ, ಲೆಕ್ಕವೂ ಅಲ್ಲ. ಕಾರಿನ ವಿಷಯ ಮಾತ್ರ ಬೇರೆ. ಉಪ್ಪುಗಾಳಿ ತಗುಲಿದ ಕಾರಿನ ತಳಭಾಗವನ್ನು ಸಿಹಿನೀರಿನಲ್ಲಿ ಚೆನ್ನಾಗಿ ತೊಳೆಸದಿದ್ದರೆ ತುಕ್ಕು ಹಿಡಿಯುತ್ತದೆ. ಆ ಖರ್ಚು ಮತ್ತು ದಾರಿಯಲ್ಲಿ ಆಗುವ ಪಂಕ್ಚರು ಎಲ್ಲರಿಗೂ ಸೇರಿದ್ದು, ಹೊರಡುವ ಮುನ್ನವೇ ಇದ್ದ ದೋಷ ನಿಮ್ಮದು ಎಂದು ಮೊದಲೇ ಮಾತಾಡಿಕೊಳ್ಳಿ. ನಡುವೆ ಹೊರಟುಹೋದವನಿಗೆ ಉಳಿದ ದಿನಗಳ ಊಟದ ಪಾಲನ್ನು ಹಿಂದಿರುಗಿಸಿ, ಇಂಧನದ ಪಾಲನ್ನಲ್ಲ, ಏಕೆಂದರೆ ಅವನಿಲ್ಲವೆಂದು ಕಾರು ಕಡಿಮೆ ಕುಡಿಯುವುದಿಲ್ಲ.

ಪ್ರಶ್ನೆ: ನಿರ್ಜನ ದಂಡೆಗಳಲ್ಲಿ ಅಲೆ ಕಡಿಮೆಯಿರುವ ಕಡೆ ನೋಡಿ ಈಜಬಹುದಲ್ಲವೇ?

ಉತ್ತರ: ಆ ಕಡೆಯೇ ಬೇಡ. ಎರಡೂ ಬದಿಯಲ್ಲಿ ಅಲೆಗಳು ಬಿಳಿ ನೊರೆಯಾಗಿ ಒಡೆಯುತ್ತಿದ್ದು, ನಡುವೆ ಒಂದು ಓಣಿಯಷ್ಟು ನೀರು ಕಪ್ಪಾಗಿ, ಶಾಂತವಾಗಿ ಕಾಣುತ್ತಿದ್ದರೆ, ಅದು ದಂಡೆಗೆ ಬಂದ ನೀರು ಕಡಲಿಗೆ ಮರಳುವ ಸೆಳೆತವಾಗಿರುವುದೇ ಹೆಚ್ಚು. ರಿಪ್ ಕರೆಂಟ್ ಎಂದು ಕರೆಯುವ ಈ ಸೆಳೆತ ಕೆಲವೊಮ್ಮೆ ಸೆಕೆಂಡಿಗೆ 2.4 ಮೀಟರಿನವರೆಗೆ ಹರಿಯುವುದುಂಟು. ಒಲಿಂಪಿಕ್ ಈಜುಗಾರರೂ ಅದಕ್ಕೆದುರಾಗಿ ಗೆಲ್ಲಲಾರರು. ಅದು ನಿಮ್ಮನ್ನು ಅಡಿಗೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ ಅಷ್ಟೆ. ಸಿಕ್ಕಿಕೊಂಡವರು ದಂಡೆಯತ್ತ ಸೆಣಸದೆ, ತೇಲುತ್ತ ಉಸಿರು ಸುಧಾರಿಸಿಕೊಂಡು, ದಂಡೆಗೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬಂದ ಮೇಲೆ ಅಲೆಗಳ ಜೊತೆಯಲ್ಲಿ ಓರೆಯಾಗಿ ದಡ ಸೇರಬೇಕು. ಆಗದಿದ್ದರೆ ತೇಲುತ್ತಲೇ ಕೈಬೀಸಿ ಕರೆಯಬೇಕು. ದಡದಲ್ಲಿರುವ ಗೆಳೆಯರು ಹಿಂದೆಯೇ ನೀರಿಗೆ ಹಾರಬಾರದು. ಮುಚ್ಚಳ ಬಿಗಿದ ಖಾಲಿ ನೀರಿನ ಕ್ಯಾನನ್ನು ಎಸೆದರೂ ಅದು ಆಸರೆಯಾಗುತ್ತದೆ. ಅದಕ್ಕೆಂದೇ ಖಾಲಿಯಾದ ದೊಡ್ಡ ಕ್ಯಾನೊಂದನ್ನು ಕಾರಿನಲ್ಲಿ ಬಿಟ್ಟುಬರದೆ ದಂಡೆಯವರೆಗೆ ಹೊತ್ತುಕೊಂಡೇ ಹೋಗಿ.