ರಾಜಕಾಲುವೆ ಅಗಲ ಮಾಡಿದರೆ ಮನೆಗೆ ನೀರು ನುಗ್ಗುವುದು ನಿಲ್ಲುತ್ತಾ?

ಬೆಂಗಳೂರಿನ ಎಲ್ಲ ರಾಜಕಾಲುವೆಗಳನ್ನೂ, ಅಂದರೆ ಮಳೆನೀರು ಹರಿಯುವ ದೊಡ್ಡ ಕಾಲುವೆಗಳನ್ನೂ, ಅಗಲ ಮಾಡಿ ಕಾಂಕ್ರೀಟ್ ಗೋಡೆ ಕಟ್ಟಿದರೆ ಸಾಕಾ ಅಂತ ಕೇಳಿದ್ದೀರಿ. ಅಷ್ಟೇ ಸಾಲದು.

ನಾನಿರುವುದು ಬೆಳ್ಳಂದೂರು ಕಡೆಯ ತಗ್ಗು ಜಾಗದಲ್ಲಿ. 2022ರ ಸೆಪ್ಟೆಂಬರಿನಲ್ಲಿ ನಮ್ಮ ಮನೆಯೊಳಗೆ ಮೊಣಕಾಲುದ್ದ ನೀರು. ಅಮ್ಮನನ್ನು ಟ್ರ್ಯಾಕ್ಟರಿನಲ್ಲಿ ಕೂರಿಸಿ ಹೊರಗೆ ಕರೆತಂದೆವು. ಪಕ್ಕದ ಕಾಲುವೆಗೆ ಆಗಲೇ ಎತ್ತರದ ಗೋಡೆ ಇತ್ತು.

ಬೆಂಗಳೂರಿನಲ್ಲಿ ಉಕ್ಕಿ ಬರಲು ದೊಡ್ಡ ನದಿಯಿಲ್ಲ. ನಮ್ಮ ಮೇಲೆ ಬಿದ್ದ ಮಳೆಯೇ ನಮ್ಮನ್ನು ಮುಳುಗಿಸುತ್ತದೆ. ಹಿಂದಿನವರು ಕಣಿವೆಗೆ ಅಡ್ಡಲಾಗಿ ಏರಿ ಹಾಕಿ ಸಾಲು ಕೆರೆ ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ ಹೋಗುತ್ತಿತ್ತು. ರಾಜಕಾಲುವೆ ಬರೀ ಚರಂಡಿ ಅಲ್ಲ, ಕೆರೆಯಿಂದ ಕೆರೆಗೆ ಇರುವ ದಾರಿ.

ಈಗ ಮಣ್ಣೇ ಕಾಣದ ಹಾಗೆ ಕಟ್ಟಿದ್ದೇವೆ. 30 ಬೈ 40 ಅಡಿ ಸೈಟಿನ ಮೇಲೆ 100 ಮಿ.ಮೀ. ಮಳೆ ಸುರಿದರೆ ಸುಮಾರು 11,000 ಲೀಟರ್ ನೀರು, ಹೆಚ್ಚುಕಮ್ಮಿ ಎರಡು ಟ್ಯಾಂಕರ್. ಜೊತೆಗೆ, ಗಾಳಿ 1 ಡಿಗ್ರಿ ಬಿಸಿಯಾದರೆ ಶೇ. 7ರಷ್ಟು ಜಾಸ್ತಿ ಆವಿ ಹಿಡಿಯಬಲ್ಲದು. ಸುರಿಯುವಾಗ ಒಮ್ಮೆಲೇ ಸುರಿಯುತ್ತದೆ. ಕಾಲುವೆ ಉಕ್ಕುವುದು ಹೆಚ್ಚಾಗಿ ದಿನವಿಡೀ ನಿಧಾನವಾಗಿ ಬಿದ್ದ ಮಳೆಯಿಂದಲ್ಲ, ಅರ್ಧ ಗಂಟೆಯಲ್ಲಿ ಸುರಿದ ಮಳೆಯಿಂದ. ಮೇಲುಗಡೆ ಮಾತ್ರ ಅಗಲ ಮಾಡಿದರೆ ಆ ನೀರು ಇನ್ನೂ ಬೇಗ ಓಡಿಬಂದು ಕೆಳಗಿನ ಕಿರಿದಾದ ಮೋರಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಆ ಮೋರಿ ಪಕ್ಕದಲ್ಲೇ ನಮ್ಮಂಥವರ ಮನೆಗಳಿರುತ್ತವೆ.

ನನಗೆ ತುಂಬ ಸಂಕಟವಾಗುವ ವಿಷಯ ಇನ್ನೊಂದಿದೆ. ನಮ್ಮ ಎಷ್ಟೋ ಕೆರೆಗಳು ಬೇಸಿಗೆಯಲ್ಲೂ ಕೊಳಚೆ ನೀರಿನಿಂದ ತುಂಬಿರುತ್ತವೆ. ತುಂಬಿದ ಕೊಡಕ್ಕೆ ಮತ್ತೆ ನೀರು ಹೊಯ್ದರೆ ಹೊರಗೆ ಚೆಲ್ಲುತ್ತದೆ ಅಲ್ವಾ? ಮೊದಲು ಒಳಚರಂಡಿ ನೀರು ಕೆರೆಗೆ ಬರುವುದನ್ನು ತಪ್ಪಿಸಬೇಕು. ಕೆರೆಯಿಂದ ನೀರು ಹೊರಬಿಡುವ ತೂಬಿಗೆ ಗೇಟ್ ಇಡಬೇಕು. ಭಾರಿ ಮಳೆಯ ಮುನ್ಸೂಚನೆ ಬಂದ ಕೂಡಲೇ, ಎಲ್ಲಕ್ಕಿಂತ ಕೆಳಗಿನ ಕೆರೆಯಿಂದ ಶುರುಮಾಡಿ, ಒಂದೊಂದರಲ್ಲೂ ಸ್ವಲ್ಪ ನೀರು ಇಳಿಸಿ ಜಾಗ ಮಾಡಿಕೊಳ್ಳಬೇಕು. ಹಿಂದೆ ತೂಬು ನೋಡಿಕೊಳ್ಳಲು ನೀರಗಂಟಿ ಇರುತ್ತಿದ್ದ. ಇವತ್ತೂ ಪ್ರತಿ ಕೆರೆಗೆ ಅಂಥ ಒಬ್ಬರು ಬೇಕು. ಗೋಡೆಗೆ ಸುರಿಯುವ ದುಡ್ಡಿನಲ್ಲಿ ಒಂದು ಪಾಲು ಇದಕ್ಕೆ ಹೋಗಲಿ ಅನ್ನುವುದು ನನ್ನ ಆಸೆ.

ನೀವು ಒಂದು ಭಾನುವಾರ ನಿಮ್ಮ ಕಾಲುವೆ ಪಕ್ಕದಲ್ಲೇ ಕೆಳಗಿನ ಕೆರೆಯವರೆಗೆ ನಡೆದು ನೋಡಿ. ಎಲ್ಲಿ ಮೋರಿ ಕಿರಿದಾಗಿದೆ, ಕೋಡಿಯ ಮುಂದೆ ಏನು ಕಟ್ಟಿದ್ದಾರೆ, ಎಲ್ಲಿ ಹೂಳು ನಿಂತಿದೆ ಅಂತ ಫೋಟೊ ತೆಗೆದಿಟ್ಟುಕೊಳ್ಳಿ. ವಾರ್ಡ್ ಸಭೆಯಲ್ಲಿ ಅವನ್ನೇ ಮುಂದಿಡಿ.