ಓದುಗರ ಪ್ರಶ್ನೆ: ಪದರ ಬಿಟ್ಟ ಹಾಯಿದೋಣಿಗೆ ಎಪಾಕ್ಸಿ

ಪ್ರಶ್ನೆ: ನನ್ನ ಹಳೆಯ ಫೈಬರ್‌ಗ್ಲಾಸ್ ಹಾಯಿದೋಣಿಯ ತಳದಲ್ಲಿ ಸುಮಾರು ಒಂದು ಗೇಣಿನಷ್ಟು ಜಾಗದಲ್ಲಿ ಪದರಗಳು ಬಿಟ್ಟುಕೊಂಡಿವೆ. ಒತ್ತಿದರೆ ಅಲುಗುತ್ತದೆ. ತಳದಲ್ಲಿ ಇರುವುದು ಗಾಜಿನ ನೂಲು ಮತ್ತು ಪಾಲಿಯೆಸ್ಟರ್ ರೆಸಿನ್ ಮಾತ್ರ, ನಡುವೆ ಮರವಾಗಲಿ ಫೋಮ್ ಆಗಲಿ ಇಲ್ಲ. ಸಣ್ಣ ರಂಧ್ರಗಳನ್ನು ಕೊರೆದು ಸಿರಿಂಜಿನಿಂದ ಎಪಾಕ್ಸಿ (ಎರಡು ದ್ರವ ಬೆರೆಸಿ ಗಟ್ಟಿಯಾಗಿಸುವ ಅಂಟು) ತುಂಬಿದರೆ ಸಾಕೇ?

ಉತ್ತರ: ಸಾಲದು. ನೀರಿನಲ್ಲಿ ಮುಳುಗಿರುವ ಭಾಗಕ್ಕೆ ಸಿರಿಂಜಿನ ದಾರಿಯನ್ನು ನಾನು ಒಪ್ಪುವುದೇ ಇಲ್ಲ. ಹೀಗೆ ತುಂಬಿದ ತಳವನ್ನು ಬಿಚ್ಚಿ ನೋಡಿದ್ದೇನೆ: ರಂಧ್ರದ ಸುತ್ತ ನಾಣ್ಯದಗಲ ಎಪಾಕ್ಸಿ, ಅದರಾಚೆ ಒದ್ದೆ ನೂಲು. ಎಪಾಕ್ಸಿ ಬಿಗಿಯಾಗಿ ಹಿಡಿಯಲು ಒಣಗಿದ, ಉಜ್ಜಿ ಒರಟಾಗಿಸಿದ ಮೈ ಬೇಕು. ಮುಚ್ಚಿದ ಪದರದೊಳಗೆ ಅದನ್ನು ಒದಗಿಸುವುದು ಹೇಗೆ?

ಮೊದಲು ಪ್ಲಾಸ್ಟಿಕ್ ತಲೆಯ ಸಣ್ಣ ಸುತ್ತಿಗೆಯಿಂದ ಹಗುರವಾಗಿ ಬಡಿಯುತ್ತಾ ಬನ್ನಿ. ಗಟ್ಟಿ ಜಾಗ ಟಣ್ ಎನ್ನುತ್ತದೆ, ಪದರ ಬಿಟ್ಟಲ್ಲಿ ದನಿ ಮಂಕಾಗುತ್ತದೆ. ಒಳಗೆ ನೀರಿನ ತೊಟ್ಟಿಯೋ ಅಡ್ಡಗೋಡೆಯೋ ಇದ್ದರೂ ದನಿ ಬದಲಾಗುತ್ತದೆ, ಅದನ್ನು ನೋಡಿಕೊಂಡು ಪೆನ್ಸಿಲಿನಿಂದ ಗೆರೆ ಹಾಕಿ. ನಿಮ್ಮ ಒಂದು ಗೇಣು ಎರಡಾದರೆ ಗಾಬರಿಯಾಗಬೇಡಿ, ಹೆಚ್ಚಿನ ಸಲ ಹಾಗೆಯೇ ಆಗುತ್ತದೆ.

ಆಮೇಲೆ ಗ್ರೈಂಡರ್ ಹಿಡಿದು ಕೆಟ್ಟ ಪದರಗಳನ್ನು ತೆಗೆಯಿರಿ. ಬಿಟ್ಟುಕೊಂಡ ಪದರ ಹಾಲಿನಂತೆ ಬೆಳ್ಳಗೆ ಕಾಣುತ್ತದೆ, ಗಟ್ಟಿಯಾದುದರಲ್ಲಿ ಬೆಳಕು ಒಳಗಿಳಿಯುತ್ತದೆ. ಬಿಳುಪು ಪೂರ್ತಿ ಹೋಗುವವರೆಗೆ ನಿಲ್ಲಿಸಬೇಡಿ. ಅಂಚನ್ನು ಮಾತ್ರ ನೆಟ್ಟಗೆ ಬಿಡಬಾರದು. ಆಳದ 12 ಪಟ್ಟು ಉದ್ದಕ್ಕೆ ಸುತ್ತಲೂ ಇಳಿಜಾರು ಮಾಡಬೇಕು: ಆಳ 4 ಮಿ.ಮೀ. ಆದರೆ ಇಳಿಜಾರು 48 ಮಿ.ಮೀ. ಹೊಸದಾಗಿ ಹಾಕುವ ಗಾಜಿನ ನೂಲಿನ ಬಟ್ಟೆ ಹಳೆಯದನ್ನು ಹಿಡಿದುಕೊಳ್ಳುವುದು ಈ ಇಳಿಜಾರಿನಲ್ಲೇ, ಇಲ್ಲಿ ಜಿಪುಣತನ ಬೇಡ. ಧೂಳಿಗೆ ಮುಖಗವಸು ತಪ್ಪಿಸಬೇಡಿ.

ತೆರೆದ ಜಾಗವನ್ನು ಸಿಹಿನೀರಿನಿಂದ ಮತ್ತೆ ಮತ್ತೆ ತೊಳೆದು ಉಪ್ಪು ಬಿಡಿಸಿ, ಒಣಗಲು ಬಿಡಿ. ವಾರಗಳೇ ಹಿಡಿಯಬಹುದು. ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಒಂದು ದಿನ ಬಿಟ್ಟು ನೋಡಿ. ಒಳಮೈಯಲ್ಲಿ ಹನಿ ಕಟ್ಟಿದ್ದರೆ ಇನ್ನೂ ಕಾಯಬೇಕು. ಅಷ್ಟರಲ್ಲಿ ಪದರ ಬಿಟ್ಟಿದ್ದೇಕೆ ಎಂದು ಹುಡುಕಿ. ಬಂಡೆಗೆ ತಾಗಿತ್ತೇ? ತಳದ ಕವಾಟದ ಸುತ್ತ ನೀರು ಜಿನುಗುತ್ತಿದೆಯೇ?

ಬಟ್ಟೆ ಕೊಳ್ಳುವಾಗ ಎಚ್ಚರ. ತುಂಡುನೂಲಿನ ಮ್ಯಾಟ್‌ಗಳಲ್ಲಿ ಹೆಚ್ಚಿನವುಗಳ ಅಂಟು ಪಾಲಿಯೆಸ್ಟರ್‌ನ ದ್ರಾವಕವಾದ ಸ್ಟೈರೀನ್‌ನಲ್ಲಿ ಕರಗುತ್ತದೆ, ಎಪಾಕ್ಸಿಯಲ್ಲಿ ಕರಗುವುದಿಲ್ಲ. ಹೊಲಿದ ಬೈಆಕ್ಸಿಯಲ್ (ನೂಲು ಎರಡು ದಿಕ್ಕಿಗಿರುವ) ಬಟ್ಟೆ ಬಳಸಿ. ಬಟ್ಟೆಯನ್ನು ಎಪಾಕ್ಸಿಯಲ್ಲಿ ನೆನೆಸಿ ಪದರ ಪದರವಾಗಿ ಹಾಕುವಾಗ ದೊಡ್ಡ ತುಂಡನ್ನು ಮೊದಲು ಹಾಕುವುದು ನನ್ನ ಪದ್ಧತಿ.

ಪ್ರಶ್ನೆ: ಚಳಿಯಲ್ಲಿ ಎಪಾಕ್ಸಿ ಬೇಗ ಗಟ್ಟಿಯಾಗಲು ಹಾರ್ಡನರ್ (ರೆಸಿನ್ ಗಟ್ಟಿಯಾಗಲು ಬೆರೆಸುವ ಎರಡನೆಯ ದ್ರವ) ಹೆಚ್ಚಿಗೆ ಹಾಕಬಹುದೇ?

ಉತ್ತರ: ಖಂಡಿತ ಬೇಡ. ಪಾಲಿಯೆಸ್ಟರ್‌ನಲ್ಲಿ ಚಳಿಗೆ ತಕ್ಕಂತೆ ಸ್ವಲ್ಪ ಹೆಚ್ಚಿಸುವ ಅಭ್ಯಾಸ ಇಲ್ಲಿ ನಡೆಯದು. ಎಪಾಕ್ಸಿಯಲ್ಲಿ ರೆಸಿನ್ ಮತ್ತು ಹಾರ್ಡನರ್ ಗೊತ್ತಾದ ಅಳತೆಯಲ್ಲಿ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಹೆಚ್ಚಾದದ್ದು ಬೆಸೆಯದೆ ಉಳಿದು ಇಡೀ ಪದರವನ್ನು ಮೆತ್ತಗಾಗಿಸುತ್ತದೆ. ಚಳಿಗೆಂದೇ ಇರುವ ವೇಗದ ಹಾರ್ಡನರ್ ತೆಗೆದುಕೊಳ್ಳಿ, ಜಾಗವನ್ನು ಬೆಚ್ಚಗಿಡಿ. ಮರುದಿನ ಮೇಲೆ ಮೇಣದಂಥ ಜಿಡ್ಡು ಕಂಡರೆ ಮೊದಲು ನೀರು ಹಾಕಿ ಒರಟು ಪ್ಯಾಡಿನಿಂದ ತೊಳೆಯಿರಿ, ಉಜ್ಜುವುದು ಆಮೇಲೆ. ಕ್ರಮ ತಪ್ಪಿದರೆ ಜಿಡ್ಡು ಗೀರುಗಳೊಳಗೆ ಸೇರಿಕೊಂಡು ಬಣ್ಣ ಹಿಡಿಯುವುದಿಲ್ಲ.